ಮೂರನೇ ಡಬ್ಬಿ

ಭಾಲ್ಕಿ
೨ ಜನವರಿ ೨೦೨೫

ಚಿ. ಉಜ್ವಲಾಳಿಗೆ,

ಜೈಭೀಮ. ನಿನ್ನ ಅಪ್ಪ ಪಂಢರಿ ಮಾಡುವ ಆಶೀರ್ವಾದಗಳು. ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್ ದಟ್, ಎಳ್ಳಮಾವಾಸ್ಯೆಗೆ ಮನೆಗೆ ಬಂದ ನೀನು ಭಜ್ಜಿ ಉಂಡು, ಅಂಬಲಿ ಅರ್ಧಕ್ಕೇ ಬಿಟ್ಟು, ಮಾತೂ ಅರ್ಧಕ್ಕೇ ಬಿಟ್ಟು ಬೀದರ ಬಸ್ಸು ಹತ್ತಿ ಹೋದೆ. ಸಬ್ಜೆಕ್ಟ್ ಏನೆಂದು ಮೇಲೆ ಬರೆದಿಲ್ಲ. ಔರಾದ. ಮತ್ತೇನು?

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೈಕಿನಲ್ಲಿ ಕೂಗಿ ಕೂಗಿ ರಿಟೈರ್ ಆದವನು. ಫೋನು ಕಿವಿಗೆ ಇಟ್ಟರೆ ಮಗಳಿಗೂ ಖಟಕ ಚಿಂಚೋಳಿ ಬಸ್ಸು ಎರಡನೇ ಪ್ಲಾಟ್‌ಫಾರ್ಮಿಗೆ ಬಂದಿದೆ ಎನ್ನುವ ಧಾಟಿಯಲ್ಲೇ ಮಾತು ಹೊರಡುತ್ತದೆ. ನೀನು “ಹೂಂ, ಆಯ್ತು, ಇಡ್ತೇನಿ” ಎಂದು ಇಟ್ಟುಬಿಡುತ್ತೀ. ನಿಮ್ಮವ್ವ ಬುತ್ತಿಯೊಳಗೆ ಚೀಟಿ ಇಟ್ಟು ಕಳಿಸುವ ರೂಢಿ ಹಾಕಿದ್ದಳು, ಅದೇ ಚಲೋ. ಚೀಟಿಯನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊನೆಯ ಸೆಮಿಸ್ಟರಿನಲ್ಲಿ ಟ್ರೇನಿಂಗ್ ಮಾಡದಿದ್ದರೆ ನಿನ್ನ ಬಿ.ಬಿ.ಎ. ಪೂರ್ತಿಯಾಗುವುದಿಲ್ಲ, ಔರಾದದ ಬೇಳೆಕಾಳಿನ ಗೋದಾಮಿನಲ್ಲಿ ಚೆನ್ನಾಗಿ ಮಾಡಿದವರಿಗೆ ಕಂಪನಿಯವರೇ ಮುಂದೆ ನೌಕರಿ ಕೊಡುತ್ತಾರೆ ಎಂದೆ. ತಿಳಿಯಿತು. ಸಪ್ಲೈ ಚೈನ್ ಎಂದರೆ ಮೊದಲು ನನ್ನ ಕಣ್ಣಿಗೆ ಸೈಕಲ್ಲಿನ ಚೈನೇ ಬಂದಿತ್ತು. ಈಗ ಹಾಗಿಲ್ಲ. ಹೊಲದ ರಾಶಿಯಿಂದ ಊಟದ ತಾಟಿನ ತನಕ ಮಾಲು ಹೇಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಡುತ್ತದೆ ಎಂದು ಕಲಿಯುವ ವಿದ್ಯೆ. ಒಪ್ಪಿದೆ. ಕಲಿಯಬೇಡ ಎಂದು ನಾನು ಎಂದಾದರೂ ಅಂದಿದ್ದೇನೆಯೇ? ನಾನೇ ಬಿ.ಎ. ಸೆಕೆಂಡ್ ಇಯರಿನಲ್ಲಿ ಇಂಗ್ಲಿಷಿಗೆ ಹೆದರಿ ಕಾಲೇಜು ಬಿಟ್ಟವನು.

ಆದರೆ ನನ್ನ ರೊಟ್ಟಿ ಆಗುವ ಹೊತ್ತಿಗೆ ಇಲ್ಲಿಂದ ಔರಾದಕ್ಕೆ ನೇರ ಬಸ್ಸಿಲ್ಲ. ಬೀದರಕ್ಕೆ ದಿನಾ ಬಸ್ಸಿನಲ್ಲಿ ಮುಟ್ಟುವ ಹಾಗೆ ಅಲ್ಲಿಗೆ ಬುತ್ತಿ ಮುಟ್ಟುವುದಿಲ್ಲ. ನಿಮ್ಮವ್ವ ತೀರಿದ ವರ್ಷ ನೀನು ಹಾಸ್ಟೆಲಿನಲ್ಲಿ ಊಟ ಬಿಟ್ಟು, ಪರೀಕ್ಷೆ ಬರೆಯುತ್ತ ಕೂತಲ್ಲೇ ಬಿದ್ದು, ಸಲಾಯಿನ್ ಹಚ್ಚಿಕೊಂಡು ಮಲಗಿದ್ದೆ. ಆ ದಿನ ದವಾಖಾನೆಯ ಬಾಗಿಲಲ್ಲಿ ನಿಂತು ಒಂದು ಮಾತು ಗಟ್ಟಿ ಮಾಡಿಕೊಂಡೆ: ಬುತ್ತಿ ಮುಟ್ಟದ ಊರಿಗೆ ಈ ಹುಡುಗಿಯನ್ನು ಕಳಿಸುವುದಿಲ್ಲ. ರೊಟ್ಟಿ ಬಡಿಯಲು ಕಲಿತದ್ದೇ ಆಮೇಲೆ. ಅನ್‌ಲೆಸ್ ಅಂಡ್ ಅನ್‌ಟಿಲ್ ಬುತ್ತಿ ರೀಚಸ್, ನೋ ಔರಾದ. ಬೀದರಿನಲ್ಲೇ ಯಾವುದಾದರೂ ಆಫೀಸು ನೋಡು.

ಯುವರ್ಸ್ ಒಬಿಡಿಯೆಂಟ್ಲಿ,
ಪಂಢರಿ


ಬೀದರ
೪ ಜನವರಿ ೨೦೨೫

ಅಪ್ಪಾಗೆ ಜೈಭೀಮ.

“ಯುವರ್ಸ್ ಒಬಿಡಿಯೆಂಟ್ಲಿ” ಎಂದು ಬರೆಯುವುದು ಹುಡುಗರು ಹೆಡ್‌ಮಾಸ್ಟರಿಗೆ, ಅಪ್ಪ ಮಗಳಿಗಲ್ಲ. ಎಷ್ಟು ಸಲ ಹೇಳಿದರೂ ನಿಮಗೆ ಅದೊಂದೇ ನೆನಪು. ನನ್ನ ಆಜ್ಞಾಪಾಲಕ ನೀವಾದರೆ ಔರಾದಕ್ಕೆ ಬೇಡ ಎನ್ನುವವರು ಯಾರು?

ಇರಲಿ. ನೀವು ಹೇಳಿದಂತೆಯೇ ಆಯಿತು. ಬೀದರಿನಲ್ಲಿಯೇ ಒಂದು ಸಾಗಾಣಿಕೆ ಕಂಪನಿಯ ಆಫೀಸು ಸಿಕ್ಕಿದೆ. ಏ.ಸಿ. ಇದೆ, ತಿರುಗುವ ಕುರ್ಚಿ ಇದೆ. ಸೋಮವಾರದಿಂದ ಹೋಗುತ್ತೇನೆ. ಕೆಲಸದ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿಗೆ ಬರಲು ನನಗೆ ಬಿಡುವಾಗುವುದಿಲ್ಲ, ಬುತ್ತಿ ಇಳಿಸಿಕೊಳ್ಳಲು ನನ್ನ ರೂಮಿನ ಫರಹತ ಬರುತ್ತಾಳೆ. ಎರಡನೇ ವರ್ಷದ ಹುಡುಗಿ, ನಂಬಿಗಸ್ತಳು. ಕಂಡಕ್ಟರ್ ನರಸಿಂಗ ಕಾಕಾಗೆ ಹೇಳಿಡಿರಿ.

ಊಟದ ಚಿಂತೆ ಮಾಡಬೇಡಿರಿ. ನಾನು ಈಗ ಆ ವರ್ಷದ ಉಜ್ವಲಾ ಅಲ್ಲ.

ಯುವರ್ಸ್ ಒಬಿಡಿಯೆಂಟ್ಲಿ (ಹೀಗೆ ಬರೆಯಬೇಕಾದವಳು ನಾನು),
ಉಜ್ವಲಾ


ಭಾಲ್ಕಿ
೧೫ ಜನವರಿ ೨೦೨೫

ಚಿ. ಉಜ್ವಲಾಳಿಗೆ,

ಏ.ಸಿ. ಆಫೀಸಿನ ಸುದ್ದಿ ಓದಿ ನಾನು ಕೂತಲ್ಲಿ ಕೂಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಎಲ್ಲರಿಗೂ ಹೇಳಿ ಬಂದೆ. ಚಹಾದಂಗಡಿಯ ಖಾಸಿಂ ಅಲಿ, “ಕುರ್ಚಿ ಪೂರಾ ತಿರಗತದೋ, ಅರ್ಧಾನೋ?” ಎಂದು ಕೇಳಿದ. ಕೇಳಿ ತಿಳಿಸುತ್ತೇನೆ ಎಂದಿದ್ದೇನೆ. ದೇರ್‌ಫೋರ್ ತಿಳಿಸು.

ಈ ಸಲ ಪುಂಡಿಪಲ್ಲೆ ಚಲೋ ಆಗಿತ್ತು ಎಂದು ನನಗೆ ಅನಿಸಿತು. ಬೆಳ್ಳುಳ್ಳಿ ಕರಿ ಆಗುವ ಮೊದಲೇ ಇಳಿಸಬೇಕು ಎಂದು ಈಗ ತಿಳಿಯಿತು. ನಿಮ್ಮವ್ವ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಹೇಳಿದ್ದು ಒಂದೇ, ಡಬ್ಬಿ ಖಾಲಿ ತಿರುಗಿ ಕಳಿಸಬಾರದು, ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ನೀನು ಅದನ್ನು ಬಿಟ್ಟಿಲ್ಲ, ಸಂತೋಷ. ಪೇರಲಕಾಯಿ ಬಂತು, ಬೆಲ್ಲದ ಚೂರು ಬಂತು. ಆದರೆ ಮೊನ್ನೆ ಒಂದು ಹಿಡಿ ತೊಗರಿ ಬಂದಿದೆ, ಮಣ್ಣಿನ ಸಮೇತ. ಏ.ಸಿ. ಆಫೀಸಿನಲ್ಲಿ ತೊಗರಿ ಎಲ್ಲಿಯದು?

ನನಗೆ ಬೆಳಗಿನ ಬಸ್ಸು ಹೋದ ಮೇಲೆ ದಿನ ಮುಂದೆ ಹೋಗುವುದಿಲ್ಲ. ಸ್ಟ್ಯಾಂಡಿನಿಂದ ಮನೆಗೆ, ಮನೆಯಿಂದ ಸ್ಟ್ಯಾಂಡಿಗೆ. ಸಂಜೆ ಡಬ್ಬಿ ಇಳಿದರೆ ಸಮಾಧಾನ. ಈಗೀಗ ಡಬ್ಬಿ ಸಂಜೆಗೆ ಬರುತ್ತಿಲ್ಲ, ಮರುದಿನ ಬರುತ್ತಿದೆ. ಫರಹತಗೆ ಹೇಳು.

ಯುವರ್ಸ್ ಒಬಿಡಿಯೆಂಟ್ಲಿ (ಕೈ ತಪ್ಪಿ ಬಂತು),
ಪಂಢರಿ


ಬೀದರ
೨೪ ಜನವರಿ ೨೦೨೫

ಅಪ್ಪಾಗೆ ಜೈಭೀಮ.

ಬರೆಯಲು ತಡವಾಯಿತು. ಕೆಲಸ ಬಹಳ. ಖಾಸಿಂ ಕಾಕಾಗೆ ಹೇಳಿರಿ, ಕುರ್ಚಿ ಪೂರಾ ತಿರುಗುತ್ತದೆ. ತೊಗರಿಯನ್ನು ಗೆಳತಿಯೊಬ್ಬಳು ಹೊಲದಿಂದ ತಂದಿದ್ದಳು.

ಡಬ್ಬಿ ತಡವಾಗುತ್ತಿರುವುದು ನಿಜ. ನಮ್ಮ ಪಾಠದಲ್ಲಿ ಇದಕ್ಕೊಂದು ಲೆಕ್ಕವಿದೆ: ಮಾಲು ಹೊರಟ ಗಳಿಗೆಯಿಂದ ಮುಟ್ಟುವ ತನಕ ಹಿಡಿಯುವ ಹೊತ್ತು. ಆ ಹೊತ್ತು ಬೆಳೆದರೆ ದಾರಿಯಲ್ಲೇ ಹೆಚ್ಚು ಮಾಲು ಕೂತಿರುತ್ತದೆ, ಮನೆಯಲ್ಲಿ ಕಡಿಮೆಯಾಗುತ್ತದೆ. ಪುಸ್ತಕದಲ್ಲಿ ಓದುವಾಗ ಏನೂ ಅನಿಸಿರಲಿಲ್ಲ. ಈಗ ಲಾರಿ ಬರುವ ತನಕ ಕಾಲು ಒಂದು ಕಡೆ ನಿಲ್ಲುವುದಿಲ್ಲ ನನಗೆ. ನಿಮ್ಮದೇ ಚಾಳಿ.

ಪಲ್ಯ ಎಲ್ಲವೂ ರುಚಿಯಾಗಿತ್ತು. ಬಿಸಿ ಇತ್ತು.

ಉಜ್ವಲಾ


ಭಾಲ್ಕಿ
೩ ಫೆಬ್ರವರಿ ೨೦೨೫

ಚಿ. ಉಜ್ವಲಾಳಿಗೆ,

ಏ.ಸಿ. ಆಫೀಸಿಗೆ ಲಾರಿ ಯಾಕೆ ಬರುತ್ತದೆ ಎಂದು ಕೇಳಬೇಕೆಂದಿದ್ದೆ, ಅದು ಹಿಂದೆ ಬಿತ್ತು. ಈಗ ಬೇರೆ ತಲೆನೋವು.

ನಮ್ಮ ಮನೆಯಲ್ಲಿ ಬುತ್ತಿ ಡಬ್ಬಿ ಎರಡು. ಮದುವೆಯಲ್ಲಿ ಸಾಯಗಾಂವದ ನನ್ನ ಅಕ್ಕ ಕೊಟ್ಟದ್ದು. ಎರಡರ ಮುಚ್ಚಳದ ಮೇಲೂ “ಸೌ. ಕೌಸಲ್ಯಾಬಾಯಿ ಪಂಢರಿ” ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದೆ. ಮೊದಲು ಒಂದು ಬೆಳಗ್ಗೆ ಹೋಗಿ ಸಂಜೆಗೆ ಬರುತ್ತಿತ್ತು, ಇನ್ನೊಂದು ಗೋಡೆಯ ಮಾಡದಲ್ಲಿ ಸುಮ್ಮನೆ ಕೂತಿರುತ್ತಿತ್ತು. ಈಗ ಎರಡೂ ಹೊರಗೇ. ಮೊನ್ನೆ ಬೆಳಗ್ಗೆ ರೊಟ್ಟಿ ಆಗಿವೆ, ಪಲ್ಯ ಆಗಿದೆ, ಹಾಕಲು ಡಬ್ಬಿ ಇಲ್ಲ! ನರಸಿಂಗ ಹಾರ್ನ್ ಹೊಡೆಯುತ್ತಾನೆ, ನಾನು ಮನೆ ತುಂಬ ಓಡಾಡುತ್ತೇನೆ. ಕಡೆಗೆ ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಹಾಕಿ ಕಳಿಸಿದೆ. ನಿಮ್ಮವ್ವ ನೋಡಿದ್ದರೆ ಮುಖ ತಿರುವುತ್ತಿದ್ದಳು.

ನಿನ್ನೆ ಸಂಜೆ ಒಂದು ಡಬ್ಬಿ ಇಳಿಯಿತು. ಹಾಗೆಯೇ ಇದೆ, ಅಷ್ಟೇ ದೊಡ್ಡದು. ಆದರೆ ಹೊಸದು, ಮೇಲೆ ಹೆಸರಿಲ್ಲ. ಇದು ಯಾರದು? ನಿಮ್ಮವ್ವನ ಹೆಸರಿನ ಡಬ್ಬಿ ಎಲ್ಲಿ? ಅವಳ ಎರಡರಲ್ಲಿ ಒಂದು ಬಂದಿದೆ, ಇನ್ನೊಂದು ಬಂದಿಲ್ಲ. ಬೇರೆಯವರ ಮನೆಯ ಪಾತ್ರೆ ಇಟ್ಟುಕೊಳ್ಳಬಾರದು, ನಮ್ಮದು ಬಿಡಬಾರದು. ಐ ಆ್ಯಮ್ ನಾಟ್ ಓನ್ಲಿ ಸಿಟ್ಟು ಬಟ್ ಆಲ್ಸೋ... ಮುಂದಿನದಕ್ಕೆ ಇಂಗ್ಲಿಷ್ ನೆನಪಾಗಲಿಲ್ಲ.

ಪಂಢರಿ


ಬೀದರ
೫ ಫೆಬ್ರವರಿ ೨೦೨೫

ಅಪ್ಪಾಗೆ ಜೈಭೀಮ.

ಬಸ್‌ಸ್ಟ್ಯಾಂಡಿನಲ್ಲಿ ಅದಲು ಬದಲಾಗಿದೆ, ಅಷ್ಟೇ. ದಿನಾ ಎಷ್ಟು ಹುಡುಗರ ಬುತ್ತಿ ಇಳಿಯುತ್ತವೆ ನಿಮಗೇ ಗೊತ್ತು. ಯಾರೋ ಅವ್ವನ ಡಬ್ಬಿ ಒಯ್ದಿದ್ದಾರೆ, ಅವರದು ನಮಗೆ ಬಂದಿದೆ. ನಾನು ಹುಡುಕುತ್ತಿದ್ದೇನೆ, ಸಿಗುತ್ತದೆ. ಅಲ್ಲಿಯ ತನಕ ಹೊಸದನ್ನೇ ಬಳಸಿರಿ. ನೀವು ಇದಕ್ಕಾಗಿ ಬೀದರಕ್ಕೆ ಬರಬೇಡಿರಿ, ಬಿಸಿಲು ಶುರುವಾಗಿದೆ.

ಹೆಸರುಕಾಳಿನ ಪಲ್ಯ ಚೆನ್ನಾಗಿತ್ತು.

ಉಜ್ವಲಾ


ಭಾಲ್ಕಿ
೮ ಫೆಬ್ರವರಿ ೨೦೨೫

ಉಜ್ಜಿ,

ಇದನ್ನು ಡಬ್ಬಿಯೊಳಗೆ ಇಡುತ್ತೇನೋ ಇಲ್ಲವೋ ಬರೆದು ಮುಗಿದ ಮೇಲೆ ನೋಡುತ್ತೇನೆ.

ಬರಬೇಡಿರಿ ಎಂದು ನೀನು ಬರೆದೆ. ನಾನು ಬಂದೆ. ನಿನ್ನನ್ನು ನೋಡಲು ಅಲ್ಲ, ಡಬ್ಬಿ ಹುಡುಕಲು. ನಿನ್ನೆ ಬೆಳಗ್ಗೆ ಬುತ್ತಿಯ ಜೊತೆಗೆ ನಾನೂ ನರಸಿಂಗನ ಬಸ್ಸು ಹತ್ತಿದೆ. “ಯಾಕ್ರಿ ಕಂಟ್ರೋಲರ್ ಸಾಹೇಬ್ರ, ಇವತ್ತ ಬುತ್ತಿಗಿ ಬಾಡಿಗಾರ್ಡ್ ಏನ್ರಿ?” ಎಂದು ನಕ್ಕ. ಬೀದರಿನಲ್ಲಿ ಇಳಿದು ಕಂಬದ ಹಿಂದೆ ನಿಂತೆ. ಯಾರು ಯಾರ ಡಬ್ಬಿ ಎತ್ತುತ್ತಾರೆ ನೋಡೋಣ, ಕೈಗೆ ಸಿಕ್ಕಿ ಬೀಳಲಿ ಎಂದು.

ಓಢಣಿ ಹೊದ್ದ ಒಂದು ಹುಡುಗಿ ಬಂದಳು. ನರಸಿಂಗನಿಂದ ನಮ್ಮ ಡಬ್ಬಿ ಇಸಕೊಂಡಳು. ಫರಹತ ಇವಳೇ ಎಂದು ತಿಳಿದೆ. ಆದರೆ ಅವಳು ಕಾಲೇಜಿನ ಕಡೆಗೆ ಹೋಗಲಿಲ್ಲ. ಓಡುತ್ತ ಆ ತುದಿಯ ಪ್ಲಾಟ್‌ಫಾರ್ಮಿಗೆ ಹೋಗಿ ಇನ್ನೊಂದು ಬಸ್ಸಿನ ಕಂಡಕ್ಟರನ ಕೈಗೆ ಡಬ್ಬಿ ಕೊಟ್ಟು, “ಭಾಯ್, ಗೋದಾಮ್ ಕೆ ಪಾಸ್, ಉಜ್ವಲಾ ಮೇಡಂ” ಎಂದಳು. ಬಸ್ಸಿನ ಬೋರ್ಡು ನೋಡಿದೆ. ಔರಾದ.

ನಾನು ಹತ್ತಿದೆ. ಟಿಕೆಟ್ ತೆಗೆಯುವಾಗ ಊರ ಹೆಸರು ಬಾಯಿಂದ ಬರಲಿಲ್ಲ, ಡಬ್ಬಿ ತೋರಿಸಿ, “ಇದು ಎಲ್ಲಿಗಿ ಹೋಗತದ ಅಲ್ಲಿಗಿ” ಎಂದೆ. ಸಂತಪುರ ದಾಟಿದರೂ ಸಿಟ್ಟು ಇಳಿಯಲಿಲ್ಲ. ಏನೇನು ಬಯ್ಯಬೇಕೋ ಎಲ್ಲ ಸಾಲಾಗಿ ಜೋಡಿಸಿಕೊಂಡೆ. ಡಬ್ಬಿ ನನ್ನ ಮುಂದೆಯೇ ಇತ್ತು, ಬಿಸಿಲು ಅದರ ಮೇಲೆಯೇ ಬೀಳುತ್ತಿತ್ತು. ಅರಿವೆ ಸರಿಮಾಡಿ ಹೊದಿಸಿದೆ. ಅದು ನನ್ನದೆಂದು ಕಂಡಕ್ಟರನಿಗೆ ಹೇಳಲಿಲ್ಲ.

ಗೋದಾಮಿನ ಮುಂದೆ ಲಾರಿಗಳ ಸಾಲು. ರಸ್ತೆಯ ಈ ಕಡೆಯ ಚಹಾದಂಗಡಿಯಲ್ಲಿ ಕೂತೆ. ಮೊದಲು ನಿನ್ನ ದನಿ ಕೇಳಿತು, ನೀನು ಕಂಡದ್ದು ಆಮೇಲೆ. ತಲೆಗೆ ಟೋಪಿ, ಮೈ ತುಂಬ ತೊಗರಿಯ ಧೂಳು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಲಾರಿ ಹಿಂದೆ ಬರುತ್ತಿತ್ತು.

“ಬರ್ಲಿ, ಬರ್ಲಿ... ಎಡಕ್ಕ ತಗೋರಿ... ಬಸ್, ಹೋಲ್ಡ್!”

“ಮೇಡಂ, ಇನ್ನೂ ಜಾಗಾ ಅದರಿ,” ಎಂದ ಡ್ರೈವರ್.

“ಜಾಗಾ ನಿಮಗ ಅದ, ಹಮಾಲರಿಗಿ ಇಲ್ಲ. ಚೀಲಾ ಹೊತ್ಕೊಂಡು ಅವ್ರು ಗ್ವಾಡಿ ಒಳಗಿಂದ ಬರಬೇಕೇನ್ರಿ? ಮೊದಲ ಬಂದ ಲಾರಿ ಮೊದಲ. ಅದು ಇಳೀತನ ನೀವು ಚಾ ಕುಡೀರಿ.”

ನಾನು ಕೂತಲ್ಲೇ ಸರಿದು ಕೂತೆ. ಅದು ನನ್ನ ಧಾಟಿ. ಮೈಕು ಒಂದು ಇರಲಿಲ್ಲ.

ಬುತ್ತಿಗೆ ನೀನು ಕೈ ಹಾಕುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಕಟ್ಟೆಯ ಮೇಲೆ ಕೂತು ಬಿಚ್ಚಿದೆ. ಪಲ್ಯ ಮೂಸಿ ನೋಡಿದೆ, ಹಳಸಿದೆ ಎಂದು ನಿನ್ನ ಮುಖದಲ್ಲೇ ಕಂಡಿತು, ಒಂದು ಕಡೆ ಚೆಲ್ಲಿದೆ. ರೊಟ್ಟಿ ಸೆಟೆದಿತ್ತು. ನನಗೆ ದವಾಖಾನೆ ನೆನಪಾಯಿತು. ಈಗ ಎದ್ದು ಹೋಗುತ್ತಾಳೆ, ಉಪವಾಸ ಇರುತ್ತಾಳೆ, ಅಂದೇ ಅಂದೆ ನಾನು ಎಂದುಕೊಂಡು ಎದ್ದೆ. ಅಷ್ಟರಲ್ಲಿ ತೊಗರಿ ಹಸನು ಮಾಡುವ ಹೆಣ್ಣುಮಗಳೊಬ್ಬಳು ತನ್ನ ಗಂಟಿನಿಂದ ಝುಣಕ ತೆಗೆದು ನಿನ್ನ ಮುಚ್ಚಳಕ್ಕೆ ಹಾಕಿದಳು.

“ತಿನ್ನವ್ವ ಮೇಡಂ, ಕಣ್ಣ ಒಳಗ ಹೋಗ್ಯಾವ. ಲಾರಿ ಎಲ್ಲಿ ಓಡಿ ಹೋಗ್ತಾವ?”

“ನೀ ತಿನ್ನೋದಾ ನಂಗ ಹಾಕಿದ್ರ ಹ್ಯಾಂಗ ಶಾಲುಬಾಯಿ?”

“ನಿಮ್ಮಪ್ಪನ ರೊಟ್ಟಿ ಒಂದ್ ಇಲ್ಲಿ ಕೊಡು. ಹಲ್ಲಿಗಿ ಕೆಲಸ ಆಗ್ಲಿ.”

ಇಬ್ಬರೂ ನಕ್ಕಿರಿ. ನೀನು ಎಲ್ಲ ರೊಟ್ಟಿ ತಿಂದೆ. ಒಂದೂ ಬಿಡಲಿಲ್ಲ. ಹಿಂದೆ ಕಿಟಕಿಯಲ್ಲಿ, ಕಳೆದುಹೋಯಿತು ಎಂದ ನಿಮ್ಮವ್ವನ ಡಬ್ಬಿ ತೊಳೆದು ಬೋರಲು ಹಾಕಿತ್ತು.

ಕೂಗಬೇಕೆಂದು ಬಾಯಿ ತೆರೆದೆ. ಅಷ್ಟೂ ಊರುಗಳ ಹೆಸರು ಕೂಗಿದ ಬಾಯಿಗೆ ಒಂದು ಹೆಸರು ಬರಲಿಲ್ಲ. ಬಂದ ಬಸ್ಸಿಗೇ ತಿರುಗಿ ಬಂದೆ.

ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ. ಆದರೆ ತಿಂದೆಯಲ್ಲ. ಎರಡೂ ಒಟ್ಟಿಗೆ ಹೇಗೆ ಬರೆಯಬೇಕು ತಿಳಿಯುತ್ತಿಲ್ಲ. ಇದನ್ನು ಕಳಿಸುವುದಿಲ್ಲ. ಜೋಳದ ಡಬ್ಬಿಯ ಕೆಳಗೆ ಇಡುತ್ತೇನೆ.


ಭಾಲ್ಕಿ
೧೦ ಫೆಬ್ರವರಿ ೨೦೨೫

ಚಿ. ಉಜ್ವಲಾಳಿಗೆ,

ಇಂದಿನಿಂದ ಪಲ್ಯ ಇರುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕಾರೆಳ್ಳು ಹಿಂಡಿ, ಒಂದು ಉಳ್ಳಾಗಡ್ಡಿ. ರೊಟ್ಟಿ ಎರಡು ಹೆಚ್ಚಿಗೆ ಇಟ್ಟಿದ್ದೇನೆ, ಆಫೀಸಿನಲ್ಲಿ ಯಾರಾದರೂ ಇದ್ದರೆ ಕೊಡು.

ಏ.ಸಿ. ಬಹಳ ಥಂಡಿ ಇಟ್ಟುಕೊಳ್ಳಬೇಡ. ಕುರ್ಚಿ ಹೆಚ್ಚು ತಿರುಗಿಸಬೇಡ.

ಪಂಢರಿ


ಬೀದರ
೧೪ ಫೆಬ್ರವರಿ ೨೦೨೫

ಅಪ್ಪಾಗೆ ಜೈಭೀಮ.

ಏನಾಗಿದೆ ನಿಮಗೆ? ನಾಲ್ಕು ದಿನದಿಂದ ಪಲ್ಯ ಇಲ್ಲ, ಚೀಟಿಯಲ್ಲಿ ನಾಲ್ಕು ಸಾಲಿಗಿಂತ ಹೆಚ್ಚಿಲ್ಲ, ಇಂಗ್ಲಿಷ್ ಕೂಡ ಇಲ್ಲ. ನರಸಿಂಗ ಕಾಕಾ ಫರಹತಗೆ ಹೇಳಿದರಂತೆ: “ಕಂಟ್ರೋಲರ್ ಸಾಹೇಬ್ರು ಮಾತು ಕಮ್ಮಿ ಮಾಡ್ಯಾರ, ಅಂಜಿಕಿ ಬರ್ಲಿಕತ್ತದ.” ಕೈ ನೋಯುತ್ತಿದೆಯೇ? ಬೆರಳು ಸುಟ್ಟುಕೊಂಡಿದ್ದೀರಾ? ಅವ್ವನ ಡಬ್ಬಿ ಕಳೆದ ಸಿಟ್ಟು ಇದ್ದರೆ ಬಯ್ದುಬಿಡಿರಿ. ಪಲ್ಯ ಚೆನ್ನಾಗಿಲ್ಲ ಎಂದು ನಾನು ಎಂದಾದರೂ ಅಂದೆನೇ? ಎಲ್ಲವೂ ಬಿಸಿಯಾಗಿಯೇ ಮುಟ್ಟುತ್ತಿತ್ತು.

ಇಲ್ಲಿ ಆಫೀಸಿನಲ್ಲಿ ಎಲ್ಲ ಸರಿ ಇದೆ. ಆದರೆ ಓದಲು ಕೂತರೆ ಓದು ತಲೆಗೆ ಹತ್ತುತ್ತಿಲ್ಲ. ದೊಡ್ಡ ಚೀಟಿ ಬರೆಯಿರಿ.

ಉಜ್ವಲಾ


ಭಾಲ್ಕಿ
೨೦ ಫೆಬ್ರವರಿ ೨೦೨೫

ಚಿ. ಉಜ್ವಲಾಳಿಗೆ,

ಆ ಹೊಸ ಡಬ್ಬಿಗೆ ಯಾರೂ ದಿಕ್ಕಿಲ್ಲ ಎಂದು ಪಾತ್ರೆ ಅಂಗಡಿಯ ಸಲಾವೋದ್ದೀನನ ಹತ್ತಿರ ಒಯ್ದು ಹೆಸರು ಹಾಕಿಸಿದ್ದೇನೆ. ಹೆಸರಿಲ್ಲದ ಪಾತ್ರೆ ದಾರಿ ತಪ್ಪುತ್ತದೆ. ಮುಚ್ಚಳದ ಮೇಲಿನ ಅರಿವೆ ಬಿಚ್ಚಿ ನೋಡು.

ಪಂಢರಿ


ಔರಾದ
೨೧ ಫೆಬ್ರವರಿ ೨೦೨೫

ಅಪ್ಪಾ,

“ಕು. ಉಜ್ವಲಾ ಪಂಢರಿ, ಔರಾದ.”

ನಾನು ಓದಿದೆ. ಮತ್ತೆ ಓದಿದೆ. ಶಾಲುಬಾಯಿ, “ಯಾಕವ್ವ, ಡಬ್ಬ್ಯಾಗ ಹಾವು ಬಂದದೇನು?” ಎಂದಳು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ, ನಾನು ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.

ಏ.ಸಿ. ಇಲ್ಲ. ಕುರ್ಚಿ ಇದೆ, ತಿರುಗುವುದಿಲ್ಲ, ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟಿದ್ದೇವೆ. ಮೊದಲ ದಿನದಿಂದಲೂ ಇಲ್ಲೇ ಇದ್ದೇನೆ. ಗೋದಾಮಿನ ಹಿಂದೆ ಖತೀಜಾ ಬೇಗಂ ಎಂಬ ಹಿರಿಯರ ಮನೆಯಲ್ಲಿ ಒಂದು ಕೋಣೆ. ಬುತ್ತಿಯನ್ನು ಫರಹತ ಇಲ್ಲಿಯ ಬಸ್ಸಿಗೆ ಹಾಕುತ್ತಿದ್ದಳು. ಬಸ್ಸು ತಪ್ಪಿದ ದಿನ ಮರುದಿನ ಬರುತ್ತಿತ್ತು. ದಾರಿ ಉದ್ದವಾಯಿತು, ಎರಡು ಡಬ್ಬಿ ಸಾಲಲಿಲ್ಲ. ಪುಸ್ತಕದಲ್ಲಿ ಓದಿದ ವಿದ್ಯೆ ನೆನಪಾಗಿ ಮೂರನೆಯದನ್ನು ಕೊಂಡೆ. ಹಾಗೇ ಇರುವ ಡಬ್ಬಿ ಹುಡುಕಲು ಫರಹತ, ನಾನು ಬೀದರಿನ ಎಲ್ಲ ಅಂಗಡಿ ತಿರುಗಿದೆವು. ಮುಚ್ಚಳದ ಮೇಲೆ ಅವ್ವನ ಹೆಸರು ಇರುತ್ತದೆ ಎನ್ನುವುದು ಮಾತ್ರ ನೆನಪಾಗಲೇ ಇಲ್ಲ. ದಿನಾ ಕಣ್ಣೆದುರಿಗೆ ಇದ್ದದ್ದು.

ಬುತ್ತಿ ಬಿಡಿರಿ ಎಂದು ನಿಮಗೆ ಹೇಳಲು ನನಗೆ ಆಗಲಿಲ್ಲ. ಹೇಳಿದರೆ ನೀವು ಬೆಳಗ್ಗೆ ಎದ್ದು ಏನು ಮಾಡುತ್ತೀರಿ? ಔರಾದ ಬಿಡಲೂ ಆಗಲಿಲ್ಲ. ಇಲ್ಲಿ ನಾನು ಬಂದ ಮೇಲೆ ಹಮಾಲರು ಒಂದೇ ಚೀಲವನ್ನು ಎರಡು ಸಲ ಹೊರುವುದು ತಪ್ಪಿದೆ. ಯಾವ ಮಾಲು ಮೊದಲು ಹೊರಗೆ ಹೋಗಬೇಕೋ ಅದನ್ನು ಬಾಗಿಲ ಹತ್ತಿರ ಹಾಕಿಸುತ್ತೇನೆ, ಅಷ್ಟೇ. ಸಣ್ಣ ಮಾತು, ಆದರೆ ನಾನು ಮಾಡಿದ್ದು. ಅದನ್ನು ಯಾರಿಗೆ ಹೇಳಬೇಕೆಂದು ಅನಿಸಿತೋ ಅವರಿಗೇ ಹೇಳುವಂತಿರಲಿಲ್ಲ.

ನಿಮಗೆ ಹೇಗೆ ಗೊತ್ತಾಯಿತು? ಯಾವಾಗಿನಿಂದ ಗೊತ್ತು? ಪಲ್ಯ ನಿಂತ ದಿನದಿಂದಲೇ? ಹಳಸದೆ ಉಳಿಯುವುದನ್ನು ಮಾತ್ರ ಕಳಿಸುತ್ತಿದ್ದಿರಿ, ನಾನು ನಿಮ್ಮ ಕೈ ನೋಯುತ್ತಿದೆ ಎಂದುಕೊಂಡೆ.

ಅವ್ವನ ಡಬ್ಬಿ ಇದರ ಜೊತೆಗೆ ಕಳಿಸಿದ್ದೇನೆ. ಒಳಗೆ ಬೆಲ್ಲ ಇದೆ. ಬಯ್ಯಿರಿ, ಆದರೆ ಬರೆಯಿರಿ.

ಉಜ್ಜಿ


ಔರಾದ
೨೧ ಮಾರ್ಚ್ ೨೦೨೫

ಅಪ್ಪಾಗೆ ಜೈಭೀಮ.

ತಿಂಗಳಾಯಿತು. ಬುತ್ತಿ ದಿನಾ ಬರುತ್ತದೆ, ಚೀಟಿ ಬರುವುದಿಲ್ಲ. ಫೋನು ಮಾಡಿದರೆ, “ಹೂಂ, ಆಯ್ತು, ಇಡ್ತೇನಿ” ಎಂದು ಈಗ ನೀವು ಅನ್ನುತ್ತೀರಿ. ರೊಟ್ಟಿ ಎಣಿಸಿ ನಿಮ್ಮ ಮನಸ್ಸು ತಿಳಿಯಬೇಕಾಗಿದೆ. ಹೆಚ್ಚಿಗೆ ಇದ್ದ ದಿನ ಸಿಟ್ಟು ಕಡಿಮೆ ಎಂದುಕೊಳ್ಳುತ್ತೇನೆ. ಸರಿಯೋ ತಪ್ಪೋ ಗೊತ್ತಿಲ್ಲ.

ಈ ಸಲ ಮೊದಲೇ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಕಂಪನಿಯವರು ನೌಕರಿ ಕೊಟ್ಟಿದ್ದಾರೆ. ಔರಾದದಲ್ಲಿ ಅಲ್ಲ, ನಾಗಪುರದ ದೊಡ್ಡ ಗೋದಾಮಿನಲ್ಲಿ. ಪರೀಕ್ಷೆ ಮುಗಿದ ಮೇಲೆ ಸೇರಬೇಕು. ಏಪ್ರಿಲ್ ಹತ್ತರೊಳಗೆ ಹೂಂ ಅಥವಾ ಇಲ್ಲ ಹೇಳಬೇಕು.

ನಾಗಪುರಕ್ಕೆ ಬುತ್ತಿ ಮುಟ್ಟುವುದಿಲ್ಲ. ಯಾವ ಬಸ್ಸಿಗೆ ಹಾಕಿದರೂ ಮುಟ್ಟುವುದಿಲ್ಲ, ಎಷ್ಟು ಡಬ್ಬಿ ಕೊಂಡರೂ ಮುಟ್ಟುವುದಿಲ್ಲ. ನಾನು ಲೆಕ್ಕ ಹಾಕಿ ನೋಡಿದೆ.

ನೀವು ಬೇಡ ಎಂದರೆ ಹೋಗುವುದಿಲ್ಲ. ಇದು ಸುಳ್ಳಲ್ಲ. ಆದರೆ ಬೇಡ ಎನ್ನಬೇಡಿರಿ.

ಉಜ್ವಲಾ


ಭಾಲ್ಕಿ
೨೮ ಮಾರ್ಚ್ ೨೦೨೫

ಚಿ. ಉಜ್ವಲಾಳಿಗೆ,

ಐ ಬೆಗ್ ಟು ಸ್ಟೇಟ್ ದಟ್ ನನಗೆ ಏನು ಬರೆಯಬೇಕೆಂದು ತಿಳಿದಿರಲಿಲ್ಲ. ಚೀಟಿ ಬರೆಯಲು ಕೂಡುತ್ತಿದ್ದೆ, ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು. ನಿನ್ನೆ ಸ್ಟ್ಯಾಂಡಿಗೆ ಹೋಗಿ, ನಾನೇ ಕೂಡುತ್ತಿದ್ದ ಕಿಟಕಿಯ ಮುಂದೆ ಪ್ಯಾಸೆಂಜರಿನಂತೆ ನಿಂತು, “ನಾಗಪುರಕ್ಕ ಹ್ಯಾಂಗ ಹೋಗಬೇಕು?” ಎಂದೆ. ಈಗಿನ ಕಂಟ್ರೋಲರ್ ಹೊಸ ಹುಡುಗಿ, ಆಮ್ರಪಾಲಿ ಎಂದು ಹೆಸರು. “ಕಾಕಾ, ಬಸ್ಸಿಗಿ ಬ್ಯಾಡ್ರಿ, ರೈಲಿಗಿ ಹೋಗ್ರಿ. ಯಾರ್ ಹೊಂಟಾರ್ರಿ?” ಎಂದಳು. “ಯಾರೂ ಇಲ್ಲ, ಸುಮ್ಮ ಕೇಳ್ದೆ” ಎಂದು ಬಂದೆ. ಮನೆಗೆ ಬಂದವನು ಮತ್ತೆ ಹೋದೆ. ಮತ್ತೆ ಬಂದೆ. ಖಾಸಿಂ ಅಲಿ ಕೇಳಿದ, “ಏನ್ರಿ, ಡ್ಯೂಟಿ ಮ್ಯಾಲ ಅದೀರೇನು?”

ಫೆಬ್ರವರಿ ಎಂಟರಂದು ಬರೆದ ಒಂದು ಚೀಟಿ ಜೋಳದ ಡಬ್ಬಿಯ ಕೆಳಗೆ ಇತ್ತು. ಇದರ ಜೊತೆ ಇಟ್ಟಿದ್ದೇನೆ. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದೆಯಲ್ಲ, ಅದರಲ್ಲಿದೆ. ಶಾಲುಬಾಯಿ ರೊಟ್ಟಿಗೆ ಅಂದ ಮಾತೂ ಇದೆ, ಅವಳಿಗೆ ಹೇಳಬೇಡ.

ನಾಗಪುರದ ಮಾತು ಇನ್ನೂ ಹೊರಡುತ್ತಿಲ್ಲ. ಹತ್ತರ ತನಕ ಟೈಮ್ ಇದೆ ಎಂದಿದ್ದೀ. ಟೈಮಿನ ಮೊದಲು ಗಾಡಿ ಬಿಡಬಾರದು.

ಪಂಢರಿ


ಭಾಲ್ಕಿ
೬ ಏಪ್ರಿಲ್ ೨೦೨೫

ಚಿ. ಉಜ್ವಲಾಳಿಗೆ,

ಜೈಭೀಮ. ಮೊದಲು ಒಂದು ತಕರಾರು.

ನಡುವೆ ಡಬ್ಬಿ ದಾಟಿಸುವ ಹುಡುಗಿಗೂ ಒಂದು ತುತ್ತು ಬೇಡವೇ ಎಂದು ಕಳೆದ ವಾರದಿಂದ ಫರಹತಗೆ ಬೇರೆ ಗಂಟು ಕಟ್ಟುತ್ತಿದ್ದೇನೆ, ರೊಟ್ಟಿ, ಬದನೆಕಾಯಿ ಪಲ್ಯ. ಅವಳಿಗೆ ಬಿಸಿಯಾಗಿಯೇ ಮುಟ್ಟುತ್ತದೆ. ನಿನ್ನೆ ಅವಳ ಚೀಟಿ ಬಂತು. “ಚಾಚಾ, ಬುರಾ ಮಾನಬ್ಯಾಡ್ರಿ. ಉಪ್ಪು ಜಾಸ್ತಿ, ಖಾರ ಇಲ್ಲವೇ ಇಲ್ಲ. ರೊಟ್ಟಿ ಒಂದು ಕಡೆ ಕಾಗದ, ಒಂದು ಕಡೆ ಹಲಗಿ. ಉಜ್ವಲಾ ದೀದಿ ಇದನ್ನ ದಿನಾ ಹ್ಯಾಂಗ ತಿಂದ್ಲು?” ಎಂದು ಬರೆದಿದ್ದಾಳೆ. ಓದಿ ನಾನು ಒಂದು ರೊಟ್ಟಿಯನ್ನು ತಾಟಿಗೆ ಹಾಕಿಕೊಂಡು ಕೂತೆ. ಸರಿಯಾದುವನ್ನು ನಿನಗೆ ಕಳಿಸಿ ಹರಿದದ್ದನ್ನು, ಸುಟ್ಟದ್ದನ್ನು ನಾನು ತಿನ್ನುತ್ತಿದ್ದೆ, ಸುಟ್ಟದ್ದರ ತಪ್ಪು ಅದು ಎಂದುಕೊಂಡಿದ್ದೆ. ಸರಿಯಾದದ್ದೂ ಹಾಗೆಯೇ ಇದೆ!

ಇಷ್ಟು ದಿನ “ರುಚಿಯಾಗಿತ್ತು” ಎಂದು ಬರೆದೆಯಲ್ಲ. ಔರಾದದ ಸುಳ್ಳು ಅದರ ಮುಂದೆ ಏನೂ ಅಲ್ಲ. ಫರಹತಗೆ ಇನ್ನೊಂದು ವರ್ಷ ಓದುವುದಿದೆ. ಅವಳಿಗೆ ಬುತ್ತಿ ಮುಂದುವರಿಸುತ್ತೇನೆ, ಅವಳ ಅಮ್ಮಿಯನ್ನು ಫೋನಿನಲ್ಲಿ ಕೇಳಿ ಒಪ್ಪಿಸಿದ್ದೇನೆ. ದಿನಾ ನಿಜ ಬರೆಯಬೇಕು ಎಂದು ಕರಾರು. ಬೆಳಗ್ಗೆ ಎದ್ದು ನಾನು ಏನು ಮಾಡುತ್ತೇನೆ ಎಂದು ಕೇಳಿದ್ದೆಯಲ್ಲ, ಇದನ್ನು ಮಾಡುತ್ತೇನೆ.

ಈಗ ನಿನ್ನ ಡಬ್ಬಿ. ನಿನ್ನೆ ಸಂಜೆ ಅದು ಕೈಗೆ ಬಂದ ಕೂಡಲೇ ಸಲಾವೋದ್ದೀನನ ಅಂಗಡಿಗೆ ಒಯ್ದೆ. ಬಾಗಿಲು ಹಾಕುತ್ತಿದ್ದ, ತೆಗೆಸಿದೆ. ಯಾವ ಊರು ಹಾಕಬೇಕೆಂದು ಹೇಳಿದೆ. ಹೇಳುವಾಗ ದನಿ ದೊಡ್ಡದಾಯಿತು, ಬಸ್ಸು ಬಂದಾಗ ಕೂಗುತ್ತಿದ್ದ ಹಾಗೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

“ಔರಾದ ತಿಕ್ಕಿ ತೆಗೀಲೇನ್ರಿ ಸಾಬ್?” ಎಂದ.

“ತೆಗೀಬ್ಯಾಡ. ಅದರ ಕೆಳಗ ಹಾಕು.”

ಹಾಕಿದ. ಆಮೇಲೆ ಮುಚ್ಚಳವನ್ನು ಬಲ್ಬಿನ ಕೆಳಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಇನ್ನೂ ಮೂರ್ನಾಕ್ ಊರು ಹಿಡೀತಾವ್ರಿ ಇದ್ರಾಗ” ಎಂದ. ಮನೆಗೆ ಬಂದು ನಾನೂ ಹಿಡಿದು ನೋಡಿದೆ. ಹಿಡಿಯುತ್ತವೆ.

ಹತ್ತರ ತನಕ ಕಾಯಬೇಡ, ಇವತ್ತೇ ಹೂಂ ಅನ್ನು. ಭೀಮ ಜಯಂತಿಗೆ ಮನೆಗೆ ಬಾ, ಮೆರವಣಿಗೆ ಮುಗಿದ ಮೇಲೆ ಕೂತು ಮಾತಾಡೋಣ, ಈ ಸಲ ಅರ್ಧಕ್ಕೇ ಎದ್ದು ಹೋಗುವಂತಿಲ್ಲ. ಶಾಲುಬಾಯಿಗೆ ಹೇಳು, ಝುಣಕಕ್ಕೆ ಅವಳು ಏನು ಹಾಕುತ್ತಾಳೆ ಬರೆಸಿ ಕಳಿಸು. ನಾಗಪುರಕ್ಕೆ ಈ ಡಬ್ಬಿ ಒಯ್ಯಿ. ಅಲ್ಲಿ ಯಾರಾದರೂ ನಿನ್ನ ಮುಚ್ಚಳಕ್ಕೆ ಏನಾದರೂ ಹಾಕುವವರು ಸಿಗುವ ತನಕ ನನಗೆ ನಿದ್ದೆ ಬರುವುದಿಲ್ಲ. ಸಿಕ್ಕ ಕೂಡಲೇ ತಿಳಿಸು. ನಿನ್ನ ಡಬ್ಬಿಯಿಂದಲೂ ಅವರಿಗೆ ಏನಾದರೂ ಹೋಗಲಿ. ಪಾರ್ಸಲ್ ಮಾಡಿ ಮಾತ್ರ ಇದನ್ನು ಕಳಿಸಬೇಡ, ದೀಪಾವಳಿಗೆ ನೀನೇ ತಾ. ಖಾಲಿ ತರಬೇಡ. ಅಲ್ಲಿ ಕಿತ್ತಳೆ ಚಲೋ ಇರುತ್ತವಂತೆ.

ಬಸ್ಸಿನ ಹೊತ್ತಾಯಿತು. ನರಸಿಂಗ ಹಾರ್ನ್ ಹೊಡೆಯುತ್ತಿದ್ದಾನೆ.

ಯುವರ್ಸ್ ಒಬಿಡಿಯೆಂಟ್ಲಿ (ಈ ಸಲ ತಿಳಿದೇ ಬರೆದದ್ದು),
ಪಂಢರಿ